ಆಟಕ್ಕೂ ಬರವಣಿಗೆಗೂ ಒದಗುವ ಚಿತ್ರಪುಸ್ತಕವನ್ನು ಆರಿಸುವುದು ಹೇಗೆ?

ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆಯೂ ಹಿಡಿದುಕೊಂಡ ಮೇಲೆ ಹಳೆ ವಿದ್ಯಾರ್ಥಿ ಸಂಘದವರೋ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೋ ಬಂದು, "ಈ ಸಲ ಮಕ್ಕಳಿಗೆ ಪುಸ್ತಕ ಕೊಡುವ ಅಂತ ಉಂಟು ಟೀಚರ್, ಯಾವುದು ಬೇಕು ಒಂದು ಪಟ್ಟಿ ಮಾಡಿ ಕೊಡಿ" ಎಂದು ಕೇಳುವುದು ಉಡುಪಿ, ಮಂಗಳೂರು ಕಡೆಯ ಕನ್ನಡ ಶಾಲೆಗಳಲ್ಲಿ ಹೊಸ ಮಾತಲ್ಲ. ಕೊಡುವವರ ಮನಸ್ಸು ದೊಡ್ಡದು. ಆದರೆ ಪಟ್ಟಿ ಮಾಡಬೇಕಾದ ಶಿಕ್ಷಕರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಪ್ರಕಾಶಕರ ಬೆಲೆಪಟ್ಟಿ ಮಾತ್ರ. ಅದರಿಂದ ಪುಸ್ತಕದ ಹೆಸರು, ಪುಟ, ಬೆಲೆ ತಿಳಿಯುತ್ತದೆಯೇ ಹೊರತು, ಆ ಪುಸ್ತಕವನ್ನು ತೆರೆದಿಟ್ಟರೆ ಮಕ್ಕಳು ಎದ್ದು ಆಡುತ್ತಾರೆಯೇ, ಆಡಿದ ಮೇಲೆ ಬರೆಯಲು ಕೂರುತ್ತಾರೆಯೇ ಎಂಬುದು ತಿಳಿಯುವುದಿಲ್ಲ. ಮಲ್ಪೆಗೆ ಹತ್ತಿರದ ಶಾಲೆಯೊಂದರಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳೊಂದಿಗೆ ಹಲವು ವರ್ಷ ಚಿತ್ರಪುಸ್ತಕಗಳನ್ನು ಬಳಸಿದ ಅನುಭವದಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಓದುವ ಅಭ್ಯಾಸಕ್ಕೆ ಯಾವ ಪುಸ್ತಕ ಒಳ್ಳೆಯದು ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ನೋಡುತ್ತಿರುವುದು ಕಲ್ಪನೆಯ ಆಟಕ್ಕೆ ಮತ್ತು ಮಕ್ಕಳ ಸ್ವಂತ ಬರವಣಿಗೆಗೆ ಯಾವುದು ಒದಗುತ್ತದೆ ಎಂಬುದನ್ನು ಮಾತ್ರ.

ಯಾವ ಅಳತೆಯಿಂದ ಅಳೆಯುವುದು?

ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆ ಕೇಳಿ ಬೆಳೆದ ನಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಭಾಗವತರು ನಾಲ್ಕು ಸಾಲಿನ ಪದ್ಯ ಹೇಳುತ್ತಾರೆ. ಅರ್ಥಧಾರಿಗಳು ಆ ನಾಲ್ಕು ಸಾಲನ್ನು ಹಿಡಿದುಕೊಂಡು ತಮ್ಮದೇ ಮಾತಿನಲ್ಲಿ ಪಾತ್ರವನ್ನು ಕಟ್ಟುತ್ತಾ ಹೋಗುತ್ತಾರೆ. ಪದ್ಯ ಗಟ್ಟಿಯಾಗಿರಬೇಕು ನಿಜ, ಆದರೆ ಎಲ್ಲವನ್ನೂ ಪದ್ಯವೇ ಹೇಳಿಬಿಟ್ಟರೆ ಅರ್ಥಕ್ಕೆ ಎಡೆಯೇ ಉಳಿಯುವುದಿಲ್ಲ. ತರಗತಿಯಲ್ಲಿ ಚಿತ್ರಪುಸ್ತಕ ಪದ್ಯದ ಜಾಗದಲ್ಲಿ ನಿಲ್ಲಬೇಕು, ಮಕ್ಕಳು ಅರ್ಥ ಹೇಳಬೇಕು. ಹಾಗಾಗಿ ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಇದು ಮಕ್ಕಳಿಗೆ ಅರ್ಥ ಹೇಳಲು ಎಷ್ಟು ಜಾಗ ಬಿಟ್ಟಿದೆ ಎಂಬುದನ್ನು. ಚಿತ್ರದ ಅಂದ, ಕಾಗದದ ಹೊಳಪು, ಬೆಲೆ ಇವೆಲ್ಲ ಆಮೇಲಿನವು.

ಪರೀಕ್ಷಿಸುವ ಬಗೆಯೂ ಕಷ್ಟದ್ದಲ್ಲ. ಮೂರನೆಯದೋ ನಾಲ್ಕನೆಯದೋ ಪುಟದಲ್ಲಿ ಪುಸ್ತಕವನ್ನು ಮುಚ್ಚಿ, "ಮುಂದೆ ಎಂತ ಆಗಬಹುದು?" ಎಂದು ಐದು ಮಕ್ಕಳನ್ನು ಬೇರೆಬೇರೆಯಾಗಿ ಕೇಳಿ. ಐವರೂ ಒಂದೇ ಉತ್ತರ ಕೊಟ್ಟರೆ ಅದು ಓದಿಸಲು ತಕ್ಕ ಪುಸ್ತಕವಿರಬಹುದು, ಆಟಕ್ಕೆ ಅಷ್ಟಾಗಿ ಒದಗದು. ಮೂರು ನಾಲ್ಕು ಬಗೆಯ ಉತ್ತರ ಬಂದು, ಮಕ್ಕಳ ನಡುವೆ "ಹಾಗಲ್ಲ, ಹೀಗೆ" ಎಂಬ ಚರ್ಚೆ ಹುಟ್ಟಿದರೆ ಆ ಪುಸ್ತಕವನ್ನು ಧೈರ್ಯವಾಗಿ ಪಟ್ಟಿಗೆ ಸೇರಿಸಬಹುದು.

ಈ ಪರೀಕ್ಷೆಯನ್ನು ನಾನು ಕಲಿತದ್ದು ಒಮ್ಮೆ ಎಡವಿದ ಮೇಲೆ. ನುಣುಪು ಕಾಗದದ, ಕಣ್ಣು ಸೆಳೆಯುವ ಬಣ್ಣದ ನೀತಿಕಥೆಗಳ ಸೆಟ್ಟೊಂದನ್ನು ತರಿಸಿದ್ದೆ. ಪ್ರತಿ ಪುಸ್ತಕದ ಕೊನೆಯಲ್ಲಿ ಬಣ್ಣದ ಚೌಕದೊಳಗೆ ನೀತಿಯನ್ನು ಅಚ್ಚು ಹಾಕಿದ್ದರು. ಓದಿ ಮುಗಿಸಿ, ನಿಮಗೆ ಅನಿಸಿದ್ದನ್ನು ಬರೆಯಿರಿ ಎಂದಾಗ ಆ ವರ್ಷ ತರಗತಿಯಲ್ಲಿದ್ದ 22 ಮಕ್ಕಳೂ ಆ ಚೌಕದ ಸಾಲನ್ನೇ ಬರೆದು ತಂದರು. ಮುಂದಿನ ಸಾಲಿನ ಹುಡುಗ ಒಂದು ಒತ್ತಕ್ಷರ ಬಿಟ್ಟಿದ್ದ, ಅವನ ಹಿಂದಿನ ನಾಲ್ವರೂ ಅದೇ ಒತ್ತಕ್ಷರ ಬಿಟ್ಟಿದ್ದರು. ಅದರಲ್ಲಿ ಮಕ್ಕಳ ತಪ್ಪೇನೂ ಇರಲಿಲ್ಲ. ಪುಸ್ತಕ ತನ್ನ ಅರ್ಥವನ್ನು ತಾನೇ ಹೇಳಿ ಮುಗಿಸಿತ್ತು, ಅವರಿಗೆ ಹೇಳಲು ಏನೂ ಉಳಿದಿರಲಿಲ್ಲ.

ಬರವಣಿಗೆಯ ತರಗತಿಯಲ್ಲಿ ಆಟ ಏಕೆ ಎಂದು ಕೇಳುವ ಪೋಷಕರಿಗೂ ಸಹೋದ್ಯೋಗಿಗಳಿಗೂ ಇಲ್ಲಿಯೇ ಉತ್ತರ ಹೇಳಬೇಕು. ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ (1896–1934) ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗುವಿನ ಉದಾಹರಣೆ ಕೊಟ್ಟು, ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಹುದು ಎಂಬ ತಿಳಿವು ಮಗುವಿಗೆ ಆಟದಲ್ಲಿ ಮೂಡುತ್ತದೆ ಎಂದೂ, ನಟನೆಯ ಆಟ, ಚಿತ್ರ ಬಿಡಿಸುವುದು, ಬರೆಯುವುದು ಇವು ಒಂದೇ ಬೆಳವಣಿಗೆಯ ಬೇರೆ ಬೇರೆ ಘಟ್ಟಗಳು ಎಂದೂ ವಿವರಿಸಿದ್ದಾರೆ. ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಂಗಳವಿಡೀ ಎಳೆಯುತ್ತಾ "ಬಸ್ಸು ಬಂತು, ಬಸ್ಸು ಬಂತು" ಎಂದು ಕೂಗುವ ಮಗುವಿಗೆ ಹಾಳೆ ಬಸ್ಸಾಗಬಲ್ಲದು ಎಂಬುದು ಗೊತ್ತಾಗಿದೆ. ಗೆರೆಯೊಂದು 'ಬ' ಎಂಬ ಧ್ವನಿಯಾಗಬಲ್ಲದು ಎಂಬಲ್ಲಿಗೆ ಅದು ಅಲ್ಲಿಂದಲೇ ಬರಬೇಕು. ಮಕ್ಕಳ ಆಟ, ನಾಟಕಗಳನ್ನು ಕಲಿಕೆಯ ದಾರಿಯಾಗಿ ಕಂಡ ಶಿವರಾಮ ಕಾರಂತರ ಬಾಲವನ ಇರುವುದು ನಮ್ಮ ಪುತ್ತೂರಿನಲ್ಲಿಯೇ, ಆದ್ದರಿಂದ ಈ ಮಾತು ಕರಾವಳಿಗೆ ಹೊರಗಿನದಲ್ಲ.

ಪದಗಳಿಲ್ಲದ ಪುಸ್ತಕ, ಪಲ್ಲವಿಯಿರುವ ಪುಸ್ತಕ

ಚಿಕ್ಕ ತರಗತಿಗಳಿಗೆ ಆರಿಸುವಾಗ ನಿಜವಾದ ಪೈಪೋಟಿ ಇರುವುದು ಈ ಎರಡು ಬಗೆಗಳ ನಡುವೆ. ಒಂದರಲ್ಲಿ ಮಾತೇ ಇರುವುದಿಲ್ಲ, ಚಿತ್ರಗಳೇ ಕಥೆಯನ್ನು ನಡೆಸುತ್ತವೆ. ಇನ್ನೊಂದರಲ್ಲಿ ಒಂದೇ ಸಾಲು ಪುಟಪುಟಕ್ಕೂ ಹಾಡಿನ ಪಲ್ಲವಿಯಂತೆ ಮರಳಿ ಬರುತ್ತದೆ, ಒಂದೆರಡು ಪದ ಮಾತ್ರ ಬದಲಾಗುತ್ತದೆ.

ಪದಗಳಿಲ್ಲದ ಪುಸ್ತಕದ ದೊಡ್ಡ ಗುಣವೆಂದರೆ ಓದಲು ಬರುವ ಮಗು, ಬಾರದ ಮಗು ಎಂಬ ಭೇದ ಅದರ ಮುಂದೆ ಅಳಿಸಿಹೋಗುವುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ತರಗತಿಗಳಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಹಂತಹಂತವಾಗಿ ಕಲಿಯುತ್ತಾ ಹೋಗುವ ಕಲಿಕಾ ಏಣಿಯಲ್ಲಿ ಒಬ್ಬರು ಮೇಲಿನ ಮೆಟ್ಟಿಲಿನಲ್ಲಿದ್ದರೆ ಇನ್ನೊಬ್ಬರು ಈಗಷ್ಟೇ ಹತ್ತಲು ತೊಡಗಿರುತ್ತಾರೆ. ಅಂಥ ಕೋಣೆಯಲ್ಲಿ ಎಲ್ಲರನ್ನೂ ಒಂದೇ ಆಟಕ್ಕೆ ಸೇರಿಸಬಲ್ಲ ಪುಸ್ತಕ ಇದು.

ಒಂದು ಉದಾಹರಣೆ ಹೇಳುತ್ತೇನೆ. ಪುಟವೊಂದರಲ್ಲಿ ದಡಕ್ಕೆ ಕಟ್ಟಿದ ದೋಣಿ, ಅದರಲ್ಲಿ ಉರಿಯುತ್ತಿರುವ ದೀಪ, ಸುತ್ತ ಕತ್ತಲೆ, ಯಾರೂ ಇಲ್ಲ. ದೀಪ ಹಚ್ಚಿದ್ದು ಯಾರು ಎಂಬ ಪ್ರಶ್ನೆ ಮಕ್ಕಳಿಂದಲೇ ಎದ್ದಿತು. ಭೂತ ಎಂದ ಒಬ್ಬ, ಕಳ್ಳ ಎಂದ ಇನ್ನೊಬ್ಬ. ಅಪ್ಪ ಬೋಟಿಗೆ ಹೋಗುವ ಎರಡನೆಯ ತರಗತಿಯ ಹುಡುಗಿಯೊಬ್ಬಳು, ಅದುವರೆಗೆ ಬಾಯಿ ಬಿಡದಿದ್ದವಳು, "ಯಾರೂ ಇಲ್ಲ ಅಂತ ಅಲ್ಲ ಟೀಚರ್, ಅಡುಗೆಯವರು ಒಳಗೆ ಮಲಗಿದ್ದಾರೆ" ಎಂದಳು. ಅಲ್ಲಿಂದ ಆಟ ಅವಳ ಕೈಗೆ ಹೋಯಿತು. ನಾಲ್ಕು ಡೆಸ್ಕುಗಳು ಬೋಟಾದವು. ಒಬ್ಬ ಬೋಟು ನಡೆಸುವ ತಾಂಡೇಲನಾದ, ಇಬ್ಬರು ಬಲೆ ಎಳೆಯುವವರು, ಒಬ್ಬಳು ಅಡುಗೆಯವಳು, ಉಳಿದವರು ದಡದಲ್ಲಿ ಕಾಯುವವರು. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, "ಈಗ ಹೋಗ್ಲಿಕ್ಕೆ ಇಲ್ಲ, ಆಗಸ್ಟಿನಲ್ಲಿ ಹೋಗುವ" ಎಂದು ತಾಂಡೇಲನೇ ತೀರ್ಪು ಕೊಟ್ಟ. ಹಾಗಾಗಿ ಅಂದಿನ ಆಟವೆಲ್ಲ ಹೊರಡುವ ತಯಾರಿಯದೇ ಆಯಿತು. ಬೋಟಿಗೆ ಏನೇನು ತುಂಬಬೇಕು ಎಂದು ಮರೆಯದಿರಲು ಬರೆದಿಟ್ಟುಕೊಳ್ಳಿ ಎಂದು ನಾನು ಒಂದು ಚೀಟಿ, ಒಂದು ಪೆನ್ಸಿಲ್ ಕೊಟ್ಟೆ. "ಐಸ್, ಡೀಸಲ್, ಅಕ್ಕಿ, ನೀರು, ಕಾಯಿ, ಟಾರ್ಚ್, ದೇವರ ಫೋಟೊ" ಎಂದು ಆ ಹುಡುಗಿ ಬರೆದಳು. ಅವಳು ನಕಲು ಮಾಡದೆ ಸ್ವಂತವಾಗಿ ಬರೆದ ಮೊದಲ ಪಟ್ಟಿ ಅದು.

ಆಟ ಮುಗಿದ ಮೇಲೆ, ಈಗ ಪುಸ್ತಕ ತೆಗೆದು ಆಟದ ಬಗ್ಗೆ ಐದು ವಾಕ್ಯ ಬರೆಯಿರಿ ಎಂದರೆ ಉತ್ಸಾಹ ಅಲ್ಲಿಗೇ ಆರಿಹೋಗುತ್ತದೆ. ಬರವಣಿಗೆ ಆಟದ ಒಳಗೇ ಬೇಕಾಗುವಂತೆ ನೋಡಿಕೊಳ್ಳಬೇಕು. ಬೋಟಿಗೆ ಸಾಮಾನಿನ ಪಟ್ಟಿ ಬೇಕು, ಅಂಗಡಿಗೆ ಬಿಲ್ಲು ಬೇಕು, ಕಾಡಿನ ಗುಹೆಗೆ ಎಚ್ಚರಿಕೆಯ ಫಲಕ ಬೇಕು, ದೂರ ಹೋದವರಿಗೆ ಕಾಗದ ಬೇಕು. ಪುಸ್ತಕ ಆರಿಸುವಾಗಲೇ, ಈ ಕಥೆಯನ್ನು ಆಡುವಾಗ ಮಕ್ಕಳಿಗೆ ಯಾವುದನ್ನಾದರೂ ಬರೆಯಬೇಕಾದ ಅಗತ್ಯ ಬರುತ್ತದೆಯೇ ಎಂದು ಯೋಚಿಸಿದರೆ ಅರ್ಧ ಕೆಲಸ ಮುಗಿದಂತೆ.

ಪದಗಳಿಲ್ಲದ ಪುಸ್ತಕಕ್ಕೆ ಮಿತಿಗಳೂ ಇವೆ. ಮಾತಿಲ್ಲದ ಪುಟವನ್ನು ಕಂಡರೆ ಶಿಕ್ಷಕರಿಗೆ ತಾವೇ ಕಥೆ ಹೇಳಬೇಕೆನಿಸುತ್ತದೆ. ಹೇಳಿಬಿಟ್ಟರೆ ಅದು ಶಿಕ್ಷಕರ ಕಥೆಯಾಗಿ, ಪುಸ್ತಕದ ಗುಣವೇ ಹೋಗುತ್ತದೆ. ಮೊದಲ ಸಲ ಏನೂ ಮಾತನಾಡದೆ ಪುಟ ತಿರುಗಿಸಿ, ಎರಡನೆಯ ಸಲ "ಎಂತ ಕಾಣ್ತದೆ?", "ಯಾಕೆ ಹಾಗೆ ಅನಿಸಿತು?" ಎಂಬ ಎರಡೇ ಪ್ರಶ್ನೆ ಕೇಳುವುದು ನಾನು ಹಾಕಿಕೊಂಡ ಕಟ್ಟುಪಾಡು. ಇನ್ನೊಂದು ಮಿತಿ ಬರವಣಿಗೆಯದು. ಆಡುವಾಗ ಧಾರಾಳವಾಗಿ ಮಾತನಾಡಿದ ಒಂದನೆಯ ತರಗತಿಯ ಮಗು ಹಾಳೆಯ ಮುಂದೆ ಕೂತಾಗ ಹಿಡಿದುಕೊಳ್ಳಲು ಒಂದು ಪದವೂ ಸಿಗದೆ ತಡಕಾಡುತ್ತದೆ, ಏಕೆಂದರೆ ಪುಸ್ತಕದಲ್ಲಿ ಪದವೇ ಇಲ್ಲ.

ಅಲ್ಲಿ ಪಲ್ಲವಿಯ ಪುಸ್ತಕ ಕೈಹಿಡಿಯುತ್ತದೆ. "ಮಳೆ ಬಂತು, ಮಳೆ ಬಂತು, ಕಪ್ಪೆ ಎಲ್ಲಿ ಅಡಗಿತು?" ಎಂಬಂಥ ಸಾಲು ನಾಲ್ಕು ಪುಟಗಳಲ್ಲಿ ಮರಳಿ ಬಂದರೆ ಐದನೆಯ ಪುಟದ ಹೊತ್ತಿಗೆ ಇಡೀ ತರಗತಿಗೆ ಅದು ಬಾಯಿಪಾಠವಾಗಿರುತ್ತದೆ, ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಲು ಆಗದ ಮಗುವೂ ಆ ಸಾಲಿನ ಆಕಾರವನ್ನು ಗುರುತಿಸುತ್ತದೆ. ಆಮೇಲೆ ಗೋಡೆಹಲಗೆಯಲ್ಲಿ ಆ ಸಾಲನ್ನು ಬರೆದು ಒಂದು ಜಾಗ ಖಾಲಿ ಬಿಟ್ಟರೆ, ಮಕ್ಕಳು ತಮ್ಮದನ್ನು ತುಂಬುತ್ತಾರೆ. "ಕೋಳಿ ಎಲ್ಲಿ ಅಡಗಿತು? ಹಟ್ಟಿಯಲ್ಲಿ", "ಇರುವೆ ಎಲ್ಲಿ ಅಡಗಿತು? ಕೆಸುವಿನ ಎಲೆಯ ಅಡಿಯಲ್ಲಿ" ಎಂದು ಮೊದಲು ಹತ್ತಿರದವೇ ಬರುತ್ತವೆ. ಒಬ್ಬ ಹುಡುಗ "ಅಜ್ಜಿಯ ಕೊಡೆ ಎಲ್ಲಿ ಅಡಗಿತು? ಬಸ್ಸಿನ ಸೀಟಿನ ಅಡಿಯಲ್ಲಿ" ಎಂದು ಬರೆದಾಗ, ಆ ಮನೆಯಲ್ಲಿ ಹಿಂದಿನ ದಿನ ಏನು ಕಳೆದುಹೋಗಿತ್ತು ಎಂಬುದು ನನಗೆ ತಿಳಿಯಿತು. ಸಿದ್ಧ ಸಾಲಿನ ಆಸರೆಯಲ್ಲಿ ಅವನ ಸ್ವಂತ ಸಂಗತಿ ಹೊರಬಂದಿತ್ತು.

ಆದರೆ ಪಲ್ಲವಿಯ ಪುಸ್ತಕವನ್ನು ತುಂಬ ದಿನ ಎಳೆದರೆ ಅದು ಬಿಟ್ಟ ಸ್ಥಳ ತುಂಬಿರಿ ಎಂಬ ಪರೀಕ್ಷೆಯ ಪ್ರಶ್ನೆಯಾಗಿಬಿಡುತ್ತದೆ. ಮೂರನೆಯ ದಿನದ ಹೊತ್ತಿಗೆ ಸಾಲನ್ನು ಮುರಿಯಲು ಮಕ್ಕಳಿಗೆ ಅವಕಾಶ ಕೊಡಬೇಕು: ಅಡಗದೆ ಮಳೆಯಲ್ಲಿಯೇ ನಿಂತವರು ಯಾರು, ಏಕೆ ನಿಂತರು? ಈ ಪ್ರಶ್ನೆಯಿಂದ ಆಟವೂ ಆರಂಭವಾಗುತ್ತದೆ. ಆಟವೇ ಮುಖ್ಯವಾದರೆ ಪದಗಳಿಲ್ಲದ ಪುಸ್ತಕ, ಒಂದು ಎರಡನೆಯ ತರಗತಿಯ ಬರವಣಿಗೆ ಮುಖ್ಯವಾದರೆ ಪಲ್ಲವಿಯ ಪುಸ್ತಕ ಎಂಬುದು ನನ್ನ ತೀರ್ಮಾನ. ಎರಡರಲ್ಲಿ ಒಂದನ್ನೇ ಕೊಳ್ಳಲು ಸಾಧ್ಯವೆಂದಾದರೆ ನಾನು ಪದಗಳಿಲ್ಲದ್ದನ್ನೇ ಕೊಳ್ಳುತ್ತೇನೆ, ಏಕೆಂದರೆ ಪಲ್ಲವಿಯ ಸಾಲನ್ನು ಶಿಕ್ಷಕರೇ ಕಟ್ಟಿಕೊಳ್ಳಬಹುದು, ಒಳ್ಳೆಯ ಚಿತ್ರಗಳ ಸರಣಿಯನ್ನು ಕಟ್ಟುವುದು ನಮ್ಮಿಂದ ಸುಲಭವಲ್ಲ.

ದೊಡ್ಡ ಮಕ್ಕಳಿಗೆ

ನಾಲ್ಕು, ಐದನೆಯ ತರಗತಿಗೆ ಬೇಕಾದದ್ದು ಚಿತ್ರ ಒಂದು ಹೇಳಿ ಮಾತು ಇನ್ನೊಂದು ಹೇಳುವ ಪುಸ್ತಕ. "ಅಂದು ಮನೆಯಲ್ಲಿ ಎಲ್ಲವೂ ಸರಿಯಾಗಿತ್ತು" ಎಂದು ಮೇಲೆ ಅಚ್ಚಾಗಿದೆ. ಕೆಳಗಿನ ಚಿತ್ರದಲ್ಲಿ ಬೆಕ್ಕು ಮೀನಿನ ಬುಟ್ಟಿಯ ಮುಚ್ಚಳವನ್ನು ಸರಿಸುತ್ತಿದೆ. ಹೇಳುವವರಿಗೆ ತಿಳಿಯದ್ದು ನೋಡುವವರಿಗೆ ತಿಳಿದಿದೆ ಎಂಬ ಸಂತೋಷ ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಬಹಳ. ಇಂಥ ಪುಸ್ತಕಕ್ಕೆ ಒಪ್ಪುವ ಆಟವೆಂದರೆ ಪಾತ್ರವನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳುವುದು: ಒಬ್ಬರು ಬೆಕ್ಕಾಗಿ ಕೂರುತ್ತಾರೆ, ಉಳಿದವರು ವಿಚಾರಣೆ ನಡೆಸುತ್ತಾರೆ, ಬೆಕ್ಕು ತನ್ನ ಪಕ್ಷವನ್ನು ತಾನೇ ಸಮರ್ಥಿಸಿಕೊಳ್ಳಬೇಕು. ಅರ್ಥಗಾರಿಕೆಯ ಗಾಳಿ ಬೀಸಿದ ಊರಿನ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಎದುರಾಳಿಯ ಮಾತನ್ನು ಹಿಡಿದು ತಿರುಗಿಸುವ ಜಾಣ್ಮೆ ಕೆಲವರಲ್ಲಿ ಆಗಲೇ ಇರುತ್ತದೆ. ಅದರ ಬೆನ್ನಿಗೆ ಬೆಕ್ಕಿನ ದಿನಚರಿ, ಮನೆಯೊಡತಿಗೆ ಬೆಕ್ಕು ಬರೆದ ಕ್ಷಮಾಪಣೆಯ ಪತ್ರ, ಅದೇ ಸಂಜೆಯ ಸಂಗತಿಯನ್ನು ಮೀನಿನ ಕಡೆಯಿಂದ ಹೇಳಿದ ಕಥೆ ಇವೆಲ್ಲ ಒತ್ತಾಯವಿಲ್ಲದೆ ಬರುತ್ತವೆ. ದೃಷ್ಟಿಕೋನ ಎಂಬ ಪದವನ್ನು ಬಳಸದೆಯೇ ದೃಷ್ಟಿಕೋನವನ್ನು ಕಲಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ.

ಚೌಕಚೌಕದ ಕಾಮಿಕ್ಸ್ ಬಗ್ಗೆಯೂ ಕೇಳುವವರುಂಟು. 1967ರಲ್ಲಿ ಅಮರ ಚಿತ್ರಕಥೆ ಮಾಲೆಯನ್ನು ಆರಂಭಿಸಿದ ಅನಂತ ಪೈ ಅವರು 1929ರಲ್ಲಿ ಹುಟ್ಟಿದ್ದು ಕಾರ್ಕಳದಲ್ಲಿ ಎಂಬ ಕಾರಣಕ್ಕೆ ನಮ್ಮವರಿಗೆ ಅದರ ಮೇಲೆ ವಿಶೇಷ ಅಭಿಮಾನವಿದೆ. ಓದಿನ ರುಚಿ ಹತ್ತಿಸುವುದರಲ್ಲಿ ಕಾಮಿಕ್ಸ್ ಮುಂದು. ಆದರೆ ಆಟದ ದೃಷ್ಟಿಯಿಂದ ನೋಡಿದರೆ ಪ್ರತಿ ಕ್ಷಣವನ್ನೂ ಅದು ಬಿಡಿಸಿಯೇ ತೋರಿಸುತ್ತದೆ, ಮಾತನ್ನೂ ಬಾಯಿಗಿಟ್ಟಿರುತ್ತದೆ. ಪುರಾಣದ ಕಥೆಯಾದರಂತೂ ಮಕ್ಕಳು ಆಟದಲ್ಲಿ ನೋಡಿದ ಪ್ರಸಂಗವನ್ನೇ ಮತ್ತೆ ಆಡುತ್ತಾರೆ. ಅದು ಚೆಂದವೇ, ಆದರೆ ಪುಸ್ತಕದಿಂದ ಹುಟ್ಟಿದ್ದಲ್ಲ. ಸಂಭಾಷಣೆ ಬರೆಯುವುದನ್ನು ಕಲಿಸಲು ಮಾತ್ರ ಕಾಮಿಕ್ಸ್‌ಗೆ ಸಮನಿಲ್ಲ. ಮಾತಿನ ಗುಳ್ಳೆಗಳ ಮೇಲೆ ಬಿಳಿ ಕಾಗದ ಅಂಟಿಸಿ ಖಾಲಿ ಮಾಡಿಕೊಟ್ಟರೆ ಒಂದು ಪುಟಕ್ಕೆ ಒಂದು ಪೀರಿಯಡ್ ಸಾಲದು.

ಮಾಹಿತಿಯ ಚಿತ್ರಪುಸ್ತಕಗಳನ್ನು ಆಟದ ಆರಂಭಕ್ಕಲ್ಲ, ನಡುವೆ ಬಳಸಬೇಕು. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವನ್ನು ನೋಡಿ ಬಂದ ಮಕ್ಕಳು ದೀಪಸ್ತಂಭದ ಆಟ ಆಡುವಾಗ, ಮೇಲೆ ದೀಪ ತಿರುಗುವುದು ಹೇಗೆ ಎಂಬಲ್ಲಿ ಸಿಕ್ಕಿಹಾಕಿಕೊಂಡರೆ ಆಗ ಆ ಪುಸ್ತಕ ಕೈಗೆ ಬರಲಿ.

ಮನೆಮಾತು ಮತ್ತು ಪುಸ್ತಕದ ಮಾತು

ನಮ್ಮ ತರಗತಿಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಮನೆಮಾತಿನ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಈಚೆಗೆ ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳೂ ಸೇರಿದ್ದಾರೆ. ಕಲ್ಪನೆಯ ಆಟವನ್ನು ಮಗು ಮನೆಮಾತಿನಲ್ಲಿಯೇ ಆಡುತ್ತದೆ. ಹುಲಿಯ ಪುಟ ಬಂದೊಡನೆ "ಪಿಲಿ! ಪಿಲಿ!" ಎಂದು ಇಬ್ಬರು ಎದ್ದು ತಾಸೆಯ ಪೆಟ್ಟನ್ನು ಬಾಯಲ್ಲೇ ನುಡಿಸುತ್ತಾ ಹುಲಿವೇಷ ಕುಣಿಯುವಾಗ, ಕನ್ನಡದಲ್ಲಿ ಹೇಳು ಎಂದು ತಡೆದರೆ ಹುಲಿಯೂ ಹೋಗುತ್ತದೆ, ಮಾತೂ ಹೋಗುತ್ತದೆ. ಆಟದಲ್ಲಿ ಯಾವ ಭಾಷೆಯೂ ಇರಲಿ, ಬರೆಯುವಾಗ ಕಥೆಯನ್ನು ಹೇಳುವ ಸಾಲು ಕನ್ನಡದಲ್ಲಿ, ಪಾತ್ರಗಳ ಮಾತು ಅವರವರ ಭಾಷೆಯಲ್ಲಿ ಎಂದು ನಾನು ಒಪ್ಪಂದ ಮಾಡಿಕೊಂಡಿದ್ದೇನೆ. ಇಲ್ಲಿ ತುಳುವನ್ನೂ ಕೊಂಕಣಿಯನ್ನೂ ಬ್ಯಾರಿಯನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯುವ ರೂಢಿ ಇರುವುದರಿಂದ ಮಗು ಕಲಿತ ಅಕ್ಷರಗಳೇ ಸಾಕಾಗುತ್ತವೆ. ಒಮ್ಮೆ ಮಾತಿನ ಗುಳ್ಳೆಯಲ್ಲಿ "ಪೋಪೆ" ಎಂದಷ್ಟೇ ಬರೆದ ಹುಡುಗನಿಗೆ, ಇದು 'ನಾನು ಹೋಗುತ್ತೇನೆ' ಎಂದೋ 'ಅವನು ಹೋಗುತ್ತಾನೆ' ಎಂದೋ ಎಂದು ಗೆಳೆಯ ಕೇಳಿದ. ಬಾಯಲ್ಲಿ ಕೊನೆಯ ಸ್ವರ ಬೇರೆ, ಬರಹದಲ್ಲಿ ಎರಡೂ ಒಂದೇ. ಆತ ಸ್ವಲ್ಪ ಯೋಚಿಸಿ ಮುಂದೆ "ಯಾನ್" ಎಂದು ಸೇರಿಸಿದ. ಓದುವವರಿಗೆ ಅರ್ಥವಾಗುವಂತೆ ತಿದ್ದಿಕೊಳ್ಳುವುದು ಎಂದರೆ ಅದೇ, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಕನ್ನಡ ಮತ್ತು ಇಂಗ್ಲಿಷ್ ಎರಡೂ ಅಚ್ಚಾಗಿರುವ ದ್ವಿಭಾಷಾ ಪುಸ್ತಕಗಳು ಚೆನ್ನೈನ ತೂಲಿಕಾ ಪ್ರಕಾಶನದಿಂದ ಸಿಗುತ್ತವೆ. ಇಂಗ್ಲಿಷ್ ಬೇಕೆಂಬ ಪೋಷಕರ ಆಸೆಗೆ ಅವು ಉತ್ತರವಾಗಬಲ್ಲವು, ಆದರೆ ಒಂದೇ ಪುಟದಲ್ಲಿ ಎರಡು ಲಿಪಿ ಇರುವಾಗ ಒಂದನೆಯ ತರಗತಿಯ ಮಗು ತಬ್ಬಿಬ್ಬಾಗುವುದನ್ನು ಕಂಡಿದ್ದೇನೆ. ಮೂರನೆಯ ತರಗತಿಯಿಂದ ಮೇಲಕ್ಕೆ ಅವನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ದೊಡ್ಡ ಪುಸ್ತಕವೋ, ಪ್ರತಿಗಳೋ, ಪರದೆಯೋ?

ಒಂದೇ ಕಥೆ ಹಲವು ರೂಪಗಳಲ್ಲಿ ದೊರೆಯುವಾಗ ರೂಪದ ಆಯ್ಕೆಯೂ ಮುಖ್ಯವಾಗುತ್ತದೆ. ಇಪ್ಪತ್ತು ಇಪ್ಪತ್ತೈದು ಮಕ್ಕಳು ನೆಲದಲ್ಲಿ ಕೂತು ಒಟ್ಟಾಗಿ ನೋಡುವಂಥ ದೊಡ್ಡ ಅಳತೆಯ ಪುಸ್ತಕ ಪಲ್ಲವಿಯ ಕಥೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಪದಗಳಿಲ್ಲದ ಪುಸ್ತಕದಲ್ಲಿ ಮಕ್ಕಳು ಹುಡುಕುವುದು ಮೂಲೆಯಲ್ಲಿರುವ ಚಿಕ್ಕ ಇಲಿಯನ್ನು, ಬಾಗಿಲ ಸಂದಿಯ ನೆರಳನ್ನು. ಅದಕ್ಕೆ ನಾಲ್ಕೈದು ಮಕ್ಕಳಿಗೆ ಒಂದು ಚಿಕ್ಕ ಪ್ರತಿ ಬೇಕು. ಆದ್ದರಿಂದ ಇಪ್ಪತ್ತು ಬೇರೆ ಬೇರೆ ಪುಸ್ತಕಗಳ ಒಂದೊಂದು ಪ್ರತಿಗಿಂತ, ನಾಲ್ಕು ಪುಸ್ತಕಗಳ ಐದೈದು ಪ್ರತಿ ತರಗತಿಗೆ ಹೆಚ್ಚು ಉಪಯೋಗ. ಕೊಡುಗೆ ನೀಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗುತ್ತದೆ, ಏಕೆಂದರೆ ಕಪಾಟಿನಲ್ಲಿ ಒಂದೇ ಮುಖಪುಟ ಐದು ಸಲ ಕಂಡರೆ ತಪ್ಪಾಗಿ ಬಂದಿದೆ ಎಂದುಕೊಳ್ಳುತ್ತಾರೆ.

ಪ್ರೊಜೆಕ್ಟರ್ ಅಥವಾ ಸ್ಮಾರ್ಟ್ ಟಿವಿ ಇರುವ ಶಾಲೆಗಳಲ್ಲಿ ಪರದೆಯ ಮೇಲೆ ಚಿತ್ರ ದೊಡ್ಡದಾಗಿ, ಸ್ಪಷ್ಟವಾಗಿ ಕಾಣುತ್ತದೆ. ಆದರೆ ಪರದೆ ಬೆಳಗಿದೊಡನೆ ಮಕ್ಕಳು ನೋಡುಗರಾಗುತ್ತಾರೆ, ಪುಟವನ್ನು ಹಿಂದಕ್ಕೆ ತಿರುಗಿಸುವ ಅಧಿಕಾರ ಅವರ ಕೈಯಲ್ಲಿ ಇರುವುದಿಲ್ಲ. ಆಷಾಢದ ಗಾಳಿಗೆ ಕರೆಂಟು ಹೋದರೆ ಕಥೆಯೂ ಹೋಯಿತು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಓದಿನ ನಾಲ್ಕು ಹಂತಗಳಾಗಿ ಅವನ್ನು ವಿಂಗಡಿಸಿದ್ದಾರೆ, ಮುಕ್ತ ಪರವಾನಗಿ ಇರುವುದರಿಂದ ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಮುದ್ರಿಸಲೂಬಹುದು, ಬೇರೆ ಭಾಷೆಗೆ ತಿರುಗಿಸಲೂಬಹುದು. ನಾನು ಅದನ್ನು ಪರದೆಯಲ್ಲಿ ತೋರಿಸುವುದಕ್ಕಿಂತ ಮುದ್ರಿಸಿ ಬಿಡಿಹಾಳೆಗಳಾಗಿ ಬಳಸುವುದನ್ನು ಹೆಚ್ಚು ಇಷ್ಟಪಡುತ್ತೇನೆ. ಹಾಳೆಗಳನ್ನು ಕಲೆಸಿ ಕೊಟ್ಟು, ನಿಮಗೆ ತೋಚಿದ ಕ್ರಮದಲ್ಲಿ ಜೋಡಿಸಿ ಕಥೆ ಹೇಳಿ ಎಂದರೆ ಒಂದೇ ಪುಸ್ತಕದಿಂದ ನಾಲ್ಕು ಗುಂಪಿಗೆ ನಾಲ್ಕು ಕಥೆ.

ಬಿಡಿಹಾಳೆಯ ಈ ಬಗೆಗೆ ಜಪಾನಿನಲ್ಲಿ ಕಾಮಿಶಿಬಾಯಿ ಎಂಬ ಬೆಳೆದ ರೂಪವಿದೆ: ಮರದ ಚೌಕಟ್ಟಿನೊಳಗೆ ಚಿತ್ರದ ದಪ್ಪಹಾಳೆಗಳನ್ನು ಇಟ್ಟು ಒಂದೊಂದನ್ನೇ ಪಕ್ಕಕ್ಕೆ ಎಳೆದು ಹಿಂದಕ್ಕೆ ಸೇರಿಸುತ್ತಾ ಕಥೆ ಹೇಳುವುದು. ಎದುರಿಗಿರುವ ಚಿತ್ರವನ್ನು ಪ್ರೇಕ್ಷಕರು ನೋಡುತ್ತಿರುವಾಗ ಅದರ ಮಾತು ಕಟ್ಟಿನ ಕೊನೆಯ ಹಾಳೆಯ ಬೆನ್ನಿನಲ್ಲಿ, ಹೇಳುವವರ ಕಣ್ಣಿಗೆ ನೇರವಾಗಿ ಇರುತ್ತದೆ. ರಟ್ಟಿನ ಪೆಟ್ಟಿಗೆಯಿಂದ ಇದನ್ನು ಅರ್ಧ ದಿನದಲ್ಲಿ ಮಾಡಿಕೊಳ್ಳಬಹುದು. ಮಗು ತಾನೇ ಚಿತ್ರ ಬಿಡಿಸಿ, ಬೆನ್ನಿಗೆ ತಾನೇ ಬರೆದು, ಪೆಟ್ಟಿಗೆಯ ಹಿಂದೆ ನಿಂತು ತಾನೇ ಹೇಳುವುದರಿಂದ ಆಟ, ಚಿತ್ರ, ಬರಹ ಮೂರೂ ಒಂದೇ ಕಡೆ ಕೂಡುತ್ತವೆ. ಎಲ್ಲರೆದುರು ನಿಲ್ಲಲು ಹೆದರುವ ಮಕ್ಕಳಿಗೆ ಪೆಟ್ಟಿಗೆಯ ಮರೆ ದೊಡ್ಡ ಧೈರ್ಯ. ರೂಪಗಳಲ್ಲಿ ನನ್ನ ಮೊದಲ ಆಯ್ಕೆ ಇದೇ.

ದುಡ್ಡು ಮತ್ತು ಮಳೆ

ಚಿತ್ರಪುಸ್ತಕ ದುಬಾರಿ ಎಂಬುದು ಪೂರ್ತಿ ನಿಜವಲ್ಲ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡದ ಪುಸ್ತಕಗಳಿವೆ. ಅವೂ ಪ್ರಥಮ್ ಬುಕ್ಸ್‌ನವೂ ಸಣ್ಣ ಶಾಲೆಯ ಕೈಗೆಟಕುವ ಬೆಲೆಯವೇ. ಕೊಳ್ಳುವ ಮೊದಲು ಹತ್ತಿರದ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಏನಿದೆ ಎಂದು ಒಮ್ಮೆ ನೋಡಿಬರುವುದು ಒಳ್ಳೆಯದು, ಇದ್ದುದನ್ನೇ ಮತ್ತೆ ಕೊಳ್ಳುವುದು ತಪ್ಪುತ್ತದೆ.

ಕರಾವಳಿಯಲ್ಲಿ ಬೆಲೆಯಷ್ಟೇ ನೋಡಬೇಕಾದದ್ದು ಕಟ್ಟು. ಪಿನ್ನು ಹೊಡೆದ ಪುಸ್ತಕಗಳು ಒಂದೇ ಮಳೆಗಾಲದ ಉಪ್ಪುಗಾಳಿಗೆ ತುಕ್ಕು ಹಿಡಿದು ನಡುವಿನ ಪುಟಗಳು ಕಳಚಿಕೊಳ್ಳುತ್ತವೆ. ನುಣುಪು ಕಾಗದದ ಪುಟಗಳು ತೇವಕ್ಕೆ ಒಂದಕ್ಕೊಂದು ಅಂಟಿ, ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ತಂದ ದಿನವೇ ಪಿನ್ನು ತೆಗೆದು ದಪ್ಪ ನೂಲಿನಲ್ಲಿ ಹೊಲಿದುಬಿಡಿ; ಮುಚ್ಚಿದ ಕಪಾಟಿನಲ್ಲಿ ಇಡದೆ, ಗಾಳಿಯಾಡುವಂತೆ ಹಗ್ಗಕ್ಕೆ ತೂಗುಹಾಕಿ. ನಲಿ-ಕಲಿ ಕೋಣೆಯಲ್ಲಿ ಮಕ್ಕಳ ಕೆಲಸಗಳನ್ನು ತೂಗುಹಾಕಲು ತಲೆಯ ಮೇಲೆ ಕಟ್ಟಿರುವ ಹಗ್ಗದ ಚಪ್ಪರ ಇದಕ್ಕೆ ಹೇಳಿ ಮಾಡಿಸಿದಂತಿದೆ, ಪುಸ್ತಕದ ಪಕ್ಕದಲ್ಲಿಯೇ ಅದರಿಂದ ಹುಟ್ಟಿದ ಮಕ್ಕಳ ಹಾಳೆಗಳನ್ನೂ ತೂಗಿಸಬಹುದು.

ಐದು ಸಾವಿರ ರೂಪಾಯಿ ಕೈಯಲ್ಲಿದ್ದರೆ ನಾನು ಮೊದಲು ಪದಗಳಿಲ್ಲದ ಎರಡು ಪುಸ್ತಕಗಳ ಐದೈದು ಪ್ರತಿ ತರಿಸುತ್ತೇನೆ, ಆಮೇಲೆ ನಾಲ್ಕು ಐದನೆಯ ತರಗತಿಗೆ ಚಿತ್ರ ಒಂದು, ಮಾತು ಒಂದು ಹೇಳುವ ಎರಡು ಪುಸ್ತಕ, ದುಡ್ಡು ಉಳಿದರೆ ಪಲ್ಲವಿಯ ಒಂದು ದೊಡ್ಡ ಪುಸ್ತಕ. ನೀತಿಯ ಚೌಕವಿರುವ ಸೆಟ್ಟುಗಳನ್ನು, ರಿಯಾಯಿತಿ ಎಷ್ಟೇ ಇರಲಿ, ಪಟ್ಟಿಗೆ ಸೇರಿಸುವುದಿಲ್ಲ. ಎ4 ಹಾಳೆ ನಾಲ್ಕನ್ನು ಒಟ್ಟಿಗೆ ಮಡಚಿ ನಡುವೆ ಹೊಲಿದರೆ 16 ಪುಟದ ಒಂದು ಪುಸ್ತಕವಾಗುತ್ತದೆ. 25 ಮಕ್ಕಳು ವರ್ಷದಲ್ಲಿ ತಲಾ ಹತ್ತು ಪುಸ್ತಕ ಬರೆದರೆ ಸಾವಿರ ಹಾಳೆ ಬೇಕು. ಆದುದರಿಂದ ಹಳೆ ವಿದ್ಯಾರ್ಥಿ ಸಂಘಕ್ಕೆ ಕೊಡುವ ಪಟ್ಟಿಯ ಕೊನೆಯಲ್ಲಿ ಪ್ರತಿವರ್ಷವೂ ಇದೇ ಸಾಲನ್ನು ಬರೆಯುತ್ತೇನೆ: ಬಿಳಿ ಹಾಳೆ 2 ರೀಮ್, ದಪ್ಪ ನೂಲು 1 ಉಂಡೆ, ದಬ್ಬಣ 2.